ಪಂಪಿಗೆ ಐಸ್ ಕಟ್ಟುವುದು ನಿಂತಿತು: ಹಳೆ ಜೀಪಿನ ಇಂಜೆಕ್ಷನ್ ಮತ್ತು ಬೈಕಂಪಾಡಿಯ ಟ್ಯೂನಿಂಗ್ ಶೆಡ್

ನಮ್ಮದು ಮಲ್ಪೆಯಲ್ಲಿ ಐಸ್ ಪ್ಲಾಂಟ್. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಉಂಟು. ಮಾರ್ಚಿನಿಂದ ಮೇ ತನಕ ನನ್ನ ಜೀಪು ಐಸ್ ಇಲ್ಲದೆ ಓಡುತ್ತಿರಲಿಲ್ಲ. ತಮಾಷೆ ಅಲ್ಲ ಮಾರಾಯ್ರೆ. ಇದರ ಪೆಟ್ರೋಲ್ ಪಂಪ್ ಕಾದ ಬಾನೆಟ್ ಒಳಗೆ ಇಂಜಿನಿಗೆ ಅಂಟಿಕೊಂಡೇ ಇರುತ್ತದೆ. ಉಡುಪಿ ಸಿಟಿ ಬಸ್‌ಸ್ಟ್ಯಾಂಡ್ ಹತ್ತಿರ ಹತ್ತು ನಿಮಿಷ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ ಸಾಕು, ಪೈಪಿನೊಳಗೇ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಪಂಪ್ ಬರೀ ಆವಿ ತಳ್ಳುತ್ತದೆ. ಗಾಡಿ ಬಂದ್. ಆಗ ನಾನು ಹಿಂದಿನ ಬಾಲ್ದಿಯಿಂದ ಒಂದು ಮುಷ್ಟಿ ಐಸ್ ಪುಡಿ ತೆಗೆದು, ಹಳೆ ಬೈರಾಸಿನಲ್ಲಿ (ಟವೆಲ್) ಸುತ್ತಿ ಪಂಪ್ ಮೇಲೆ ಕಟ್ಟುತ್ತಿದ್ದೆ. ಐದು ನಿಮಿಷಕ್ಕೆ ಸ್ಟಾರ್ಟ್. ಬೇರೆಯವರು ಇದೇ ಕೆಲಸಕ್ಕೆ ಒದ್ದೆ ಬಟ್ಟೆ ಹಾಕುತ್ತಾರೆ. ನನ್ನ ಹತ್ತಿರ ಐಸ್ ಇತ್ತು, ಅಷ್ಟೇ ವ್ಯತ್ಯಾಸ. ಈ ಜೀಪಿನ ಕಾರ್ಬೊರೇಟರ್, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸುವ ಹಳೆ ಸಾಧನ, ತೆಗೆಸಿ ಇಂಜೆಕ್ಷನ್, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ, ಹಾಕಿಸಿದ ಕತೆ ಇದು.

ಗಾಡಿ ಮಹೀಂದ್ರಾ ಸಿಜೆ 3ಬಿ, 1967ರ ಮಾಡೆಲ್. ಅಪ್ಪ ಸೆಕೆಂಡ್‌ಹ್ಯಾಂಡ್ ತೆಗೆದದ್ದು. ಬಂದರಿಗೆ ಐಸ್ ಹೊತ್ತದ್ದೂ ಇದೇ, ಅಕ್ಕನ ಮದುವೆ ದಿಬ್ಬಣ ಹೋದದ್ದೂ ಇದರಲ್ಲೇ. ಒಳಗಿರುವುದು ಅಮೆರಿಕದ ವಿಲ್ಲಿಸ್ ಕಂಪನಿಯವರ ಹರಿಕೇನ್ ಇಂಜಿನ್. 2,199 ಸಿಸಿ, ನಾಲ್ಕು ಸಿಲಿಂಡರ್, ಹೊಸತರಲ್ಲಿ 75 ಎಚ್‌ಪಿ. ಎತ್ತರದ ಇಂಜಿನ್ ಅದು. ಹಳೆ ಬಾನೆಟ್ ಅಡಿ ಹಿಡಿಯುವುದಿಲ್ಲ ಅಂತ 1953ರಲ್ಲಿ ಬಾನೆಟನ್ನೇ ಎತ್ತರಿಸಿಬಿಟ್ಟರು. ಹಾಗಾಗಿಯೇ ಈ ಜೀಪಿನ ಮುಖ ಹುಬ್ಬೇರಿಸಿ ನೋಡಿದ ಹಾಗೆ ಕಾಣುವುದು.

ಇದರ ಹೊಟ್ಟೆಯೊಳಗಿನ ಒಂದು ವಿಚಿತ್ರ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಗಾಳಿ-ಪೆಟ್ರೋಲ್ ಒಳಗೆ ಬಿಡುವ ವಾಲ್ವ್ ಇಂಜಿನಿನ ಮೇಲ್ಭಾಗವಾದ ಹೆಡ್‌ನಲ್ಲಿ, ಹೊಗೆ ಹೊರಗೆ ಬಿಡುವ ವಾಲ್ವ್ ಕೆಳಗಿನ ಬ್ಲಾಕ್‌ನಲ್ಲಿ. ಗಾಳಿ-ಪೆಟ್ರೋಲನ್ನು ಸಿಲಿಂಡರುಗಳಿಗೆ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಅಂತ ಬಿಚ್ಚಿ ತೆಗೆಯುವಂಥದ್ದು ಇಲ್ಲ, ಹೆಡ್ ಜೊತೆಗೇ ಎರಕ ಹೊಯ್ದಿದ್ದಾರೆ. ಅದರ ಮೇಲೆ ಕಾರ್ಬೊರೇಟರ್. ಅಂದರೆ ಒಂದೊಂದು ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ನಳಿಕೆ) ಕೂರಿಸುವ ಆಸೆ ಬಿಡಬೇಕು. ಕಾರ್ಬೊರೇಟರ್ ತೆಗೆದ ಜಾಗದಲ್ಲಿ ಗಾಳಿಗೆ ಬಾಗಿಲಿನ ಹಾಗಿರುವ ಥ್ರಾಟಲ್ ಬಾಡಿ ಇಟ್ಟು, ಅದರಲ್ಲೇ ಎರಡು ಇಂಜೆಕ್ಟರ್ ಇಡುವುದೊಂದೇ ಸುಲಭದ ದಾರಿ.

ಬಂದರಿನಲ್ಲಿ ಎಲ್ಲರ ಸಲಹೆ ಒಂದೇ: ಡೀಸೆಲ್ ಇಂಜಿನ್ ಹಾಕಿಸಿ. ಮಲ್ಪೆಯಲ್ಲಿ ಗಾಳಿಗೂ ಡೀಸೆಲ್ ವಾಸನೆ, ಅವರ ಸಲಹೆಯಲ್ಲಿ ತಪ್ಪೇನೂ ಇಲ್ಲ. ಕೊಡಚಾದ್ರಿ ಹತ್ತುವ ಜೀಪಿನವರೂ ಅದನ್ನೇ ಹೇಳುತ್ತಾರೆ. ಆದರೆ ಇಂಜಿನ್ ಬದಲಾದರೆ ಆರ್‌ಸಿಯಲ್ಲಿ ಇಂಜಿನ್ ನಂಬರಿನಿಂದ ಇಂಧನದ ತನಕ ಎಲ್ಲ ಬದಲಾಗಬೇಕು. ಮತ್ತೆ ಈ ಇಂಜಿನ್ ಸ್ಲೋ ಸ್ಪೀಡಿನಲ್ಲಿ, ಅಂದರೆ ಎಕ್ಸಲೇಟರ್ ಒತ್ತದೆ ಸುಮ್ಮನೆ ತಿರುಗುವಾಗ, ಹೊಲಿಗೆ ಮೆಷಿನ್ ಹಾಗೆ ಟಿಕಟಿಕ ಅನ್ನುವುದನ್ನು ಕೇಳಿ ಬೆಳೆದವನಿಗೆ ಡೀಸೆಲ್ ಹಾಕಲು ಮನಸ್ಸು ಬರುವುದಿಲ್ಲ.

ಮನಸ್ಸು ಇಂಜೆಕ್ಷನ್ ಕಡೆ ತಿರುಗಿಸಿದ್ದು ಬೇಸಿಗೆ ಮಾತ್ರ ಅಲ್ಲ, ಈಗಿನ ಪೆಟ್ರೋಲ್. 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಬಂದ ಮೇಲೆ ಜೀಪು ಏರಿನಲ್ಲಿ ತಡವರಿಸಲು ಶುರು ಮಾಡಿತು. ಲೆಕ್ಕ ಸರಳ. ಬರೀ ಪೆಟ್ರೋಲ್ ಪೂರ್ತಿ ಸುಡಬೇಕಾದರೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ತೂಕದಲ್ಲಿ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಇ20ಗೆ ಸುಮಾರು 13.5 ಸಾಕು. ಕಾರ್ಬೊರೇಟರಿನ ಜೆಟ್ ಒಂದು ತೂತು, ಅದಕ್ಕೆ ಇದೆಲ್ಲ ಗೊತ್ತಿಲ್ಲ. ಹಳೆ ಅಳತೆಯಲ್ಲೇ ಬಿಡುತ್ತದೆ. ಇಂಜಿನಿಗೆ ಪೆಟ್ರೋಲ್ ಕಮ್ಮಿ ಬೀಳುತ್ತದೆ. ದೊಡ್ಡ ಜೆಟ್ ಹಾಕಿ ನೋಡಿದೆ. ಏರಿನಲ್ಲಿ ಸರಿಯಾಯಿತು, ಸ್ಲೋ ಸ್ಪೀಡಿನಲ್ಲಿ ಹೊಗೆ. ಎಮಿಷನ್ ಟೆಸ್ಟ್‌ನಲ್ಲಿ ಸಿಒ (ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್) 4.2 ಪರ್ಸೆಂಟ್ ಬಂತು, ಇಷ್ಟು ಹಳೆ ಗಾಡಿಗೆ ಮಿತಿ 3. ಟೆಸ್ಟ್ ಮಾಡುವ ಹುಡುಗ ನನ್ನ ಮುಖ ನೋಡಿದ, ನಾನು ಜೀಪಿನ ಮುಖ ನೋಡಿದೆ.

ಕಿಟ್ ತರಿಸಿದೆ. ಥ್ರಾಟಲ್ ಬಾಡಿ, ಎರಡು ಇಂಜೆಕ್ಟರ್, ಪಂಪ್, ಇಸಿಯು (ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್), ಸೈಲೆನ್ಸರ್ ಪೈಪಿನಲ್ಲಿ ಕೂರಿಸುವ ಆಕ್ಸಿಜನ್ ಸೆನ್ಸರ್, ವೈರಿಂಗ್, ಎಲ್ಲ ಸೇರಿ 74 ಸಾವಿರ. ಕಂಪನಿಯ ಹೆಸರು ಬರೆಯುವುದಿಲ್ಲ. ಕೂರಿಸಿದ ಗ್ಯಾರೇಜಿನ ಹೆಸರೂ ಬೇಡ, ಅದು ನಮ್ಮ ಜಿಲ್ಲೆಯದ್ದಲ್ಲ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿತ್ತು: ಇದು ತಾನೇ ಕಲಿಯುತ್ತದೆ. ಟ್ಯೂನಿಂಗ್ ಬೇಡ, ಓಡಿಸುತ್ತಾ ಹೋಗಿ, ಸರಿಯಾಗುತ್ತದೆ.

ಮೂರು ತಿಂಗಳು ಓಡಿಸುತ್ತಾ ಹೋದೆ. ಅದು ಕಲಿಯಿತು, ಇಲ್ಲ ಅನ್ನುವುದಿಲ್ಲ. ಏನು ಕಲಿಯಿತು ಅನ್ನುವುದೇ ಕತೆ.

ಮೊದಲ ವಾರ ಖುಷಿ. ಬೆಳಿಗ್ಗೆ ಚೋಕ್ ಎಳೆಯದೆ ಸ್ಟಾರ್ಟ್. ಎರಡನೆಯ ವಾರದಿಂದ ಸ್ಲೋ ಸ್ಪೀಡಿನಲ್ಲಿ ಪೆಟ್ರೋಲ್ ವಾಸನೆ. ತಿಂಗಳಾಗುವಾಗ ನಾಲ್ಕೂ ಪ್ಲಗ್ ಕಾಡಿಗೆ ಡಬ್ಬಿಯ ಹಾಗೆ ಕಪ್ಪು. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಆಯಿಲ್‌ಗೂ ಪೆಟ್ರೋಲ್ ವಾಸನೆ. ಮಧ್ಯೆ ಮಧ್ಯೆ ಸ್ಟಾರ್ಟರ್ ಒತ್ತಿದ ಕೂಡಲೇ ಇಸಿಯು ಆಫ್ ಆಗಿ ಮತ್ತೆ ಆನ್ ಆಗುವುದು. ಹಾರ್ನ್ ಹೊಡೆದರೆ ಇಂಜಿನ್ ಒಮ್ಮೆ ಬಿಕ್ಕುವುದು. ಕಿಟ್‌ನವರಿಗೆ ಫೋನ್ ಮಾಡಿದರೆ ಉತ್ತರ, “ಇನ್ನೂ ಕಲಿಯುತ್ತಿದೆ ಸರ್, ಸ್ವಲ್ಪ ದಿನ ಕೊಡಿ.” ಎಸ್‌ಎಸ್‌ಎಲ್‌ಸಿ ಮೂರು ಸಲ ಫೇಲಾದ ಮಗನ ಬಗ್ಗೆ ಮಾತಾಡುವ ಹಾಗೆ.

ನಮ್ಮ ಬೋಟಿನ ಎಲೆಕ್ಟ್ರಿಷಿಯನ್ ಒಬ್ಬರು ಮಂಗಳೂರು ಹತ್ತಿರದ ಬೈಕಂಪಾಡಿಯಲ್ಲಿ ಇಂಥ ಇಂಜೆಕ್ಷನ್ ಟ್ಯೂನ್ ಮಾಡುವ ಹುಡುಗನ ಶೆಡ್ ಹೇಳಿದರು. ಕೈಗಾರಿಕಾ ಪ್ರದೇಶದ ಒಳ ರಸ್ತೆಯಲ್ಲಿ, ಒಂದು ಲೇತ್ ಅಂಗಡಿಯ ಹಿಂದೆ. ಬೋರ್ಡ್ ಇಲ್ಲ. ಹುಡುಗನಿಗೆ ಮೂವತ್ತು ದಾಟಿರಬಹುದು. ಕಾಲೇಜಿನಲ್ಲಿದ್ದಾಗ ಮೆಗಾಸ್ಕ್ವರ್ಟ್ ಅನ್ನುವ, ನಾವೇ ಬೆಸುಗೆ ಹಾಕಿ ಕಟ್ಟಿಕೊಳ್ಳಬಹುದಾದ ಇಸಿಯು ತರಿಸಿ, ತಮ್ಮ ಮನೆಯ ಮಾರುತಿ ಕಾರಿಗೆ ಹಾಕಿ ಕಲಿತದ್ದಂತೆ. ಈಗ ರ್ಯಾಲಿ ಗಾಡಿಗಳ ಕೆಲಸವೇ ಜಾಸ್ತಿ. “ಹೆಸರು ಹಾಕಿ ಬರೆಯಬೇಡಿ ಅಣ್ಣ, ಇರುವ ಗಾಡಿಗೇ ಜಾಗ ಇಲ್ಲ” ಅಂದ. ಹಾಗಾಗಿ ಹಾಕಿಲ್ಲ. ಹುಡುಕುವವರಿಗೆ ಲೇತ್ ಅಂಗಡಿಯೇ ಗುರುತು.

ನಾನು ಹೋದದ್ದು ಸೋಮವಾರ ಬೆಳಿಗ್ಗೆ. ಹೆದ್ದಾರಿಯಲ್ಲಿ 55ರ ಮೇಲೆ ಹೋಗದ ಗಾಡಿ, ಹೆಜಮಾಡಿ ಟೋಲ್ ದಾಟುವಷ್ಟರಲ್ಲಿ ಎರಡು ಸಲ ಕೆಮ್ಮಿತ್ತು. ಹುಡುಗ ಬಾನೆಟ್ ಎತ್ತಿದ. ಲ್ಯಾಪ್‌ಟಾಪ್ ತರುತ್ತಾನೆ ಅಂದುಕೊಂಡೆ. ತಂದದ್ದು ಮಲ್ಟಿಮೀಟರ್.

ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ. “ಸ್ಟಾರ್ಟರ್ ಒತ್ತಿ ಅಣ್ಣ.” ಒತ್ತಿದೆ. ಮೀಟರ್ 1.4 ವೋಲ್ಟ್ ತೋರಿಸಿತು. ನನಗೇನೂ ಅನ್ನಿಸಲಿಲ್ಲ. ಅವನು ನಕ್ಕ. ಅಲ್ಲಿ ಹತ್ತಿರ ಹತ್ತಿರ ಸೊನ್ನೆ ಬರಬೇಕು, 0.2 ದಾಟಿದರೇ ಸಂಶಯ ಪಡಬೇಕು ಅಂದ. ಅಂದರೆ ಬ್ಯಾಟರಿಯಿಂದ ಇಂಜಿನಿಗೆ ಬರುವ ಅರ್ತ್ ಪಟ್ಟಿಯಲ್ಲೇ ಒಂದೂವರೆ ವೋಲ್ಟ್ ತಿಂದುಹೋಗುತ್ತಿದೆ. ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಹಸಿರು ಪುಡಿ. ಉಪ್ಪುಗಾಳಿ! ನನ್ನ ಪ್ಲಾಂಟ್‌ನಲ್ಲಿ ಪ್ರತಿ ಆರು ತಿಂಗಳಿಗೆ ಮೋಟಾರಿನ ಅರ್ತ್ ಉಜ್ಜಿಸುವವನು ನಾನೇ. ಜೀಪಿನದ್ದು ಹತ್ತು ವರ್ಷದಿಂದ ಮುಟ್ಟಿರಲಿಲ್ಲ. ಕಾರ್ಬೊರೇಟರಿಗೆ ಅರ್ತ್ ಬೇಕಿರಲಿಲ್ಲವಲ್ಲ.

ಹಾರ್ನ್ ಹೊಡೆದರೆ ಬಿಕ್ಕುವುದಕ್ಕೂ ಇದೇ ಮೂಲ. ಕಿಟ್ ಕೂರಿಸಿದವರು ಸೆನ್ಸರುಗಳ ಅರ್ತ್ ವಯರನ್ನೂ ಹಾರ್ನ್, ಲೈಟುಗಳ ಅರ್ತ್ ವಯರನ್ನೂ ಬಾಡಿಯ ಒಂದೇ ಸ್ಕ್ರೂಗೆ ಕಟ್ಟಿದ್ದರು. ಹಾರ್ನ್ ಕರೆಂಟ್ ಎಳೆದಾಗ ಆ ಸ್ಕ್ರೂ ಮಟ್ಟ ಏರುತ್ತದೆ. ಎಕ್ಸಲೇಟರ್ ಎಷ್ಟು ಒತ್ತಿದೆ ಅಂತ ಹೇಳುವ ಸೆನ್ಸರಿನ ಲೆಕ್ಕವೂ ಜೊತೆಗೇ ಏರುತ್ತದೆ. ನಾನು ಕಾಲು ಅಲ್ಲಾಡಿಸದೆಯೇ ಇಸಿಯು “ಓಹೋ, ಎಕ್ಸಲೇಟರ್ ಒತ್ತಿದರು” ಅಂತ ಪೆಟ್ರೋಲ್ ಸುರಿಯುತ್ತದೆ. ಹುಡುಗ ಸೆನ್ಸರ್ ಅರ್ತ್‌ಗಳನ್ನೆಲ್ಲ ಬೇರೆ ಮಾಡಿ ನೇರ ಇಸಿಯುವಿಗೆ ಒಯ್ದ. ಇಂಜಿನಿಗೆ ಹೊಸ ತಾಮ್ರದ ಪಟ್ಟಿ ಹಾಕಿದ. ಬೋಟಿಗೆ ಹಾಕುವ, ತವರ ಲೇಪಿಸಿದ ವಯರ್ ನಾನೇ ಮಲ್ಪೆಯಿಂದ ತಂದುಕೊಟ್ಟೆ. ಉಪ್ಪಿಗೆ ಅದು ಬೇಗ ಬಗ್ಗುವುದಿಲ್ಲ.

ಆಮೇಲೆ ಸೀಟ್ ಎತ್ತಿದ. ಈ ಜೀಪಿನ ಪೆಟ್ರೋಲ್ ಟ್ಯಾಂಕ್ ಇರುವುದೇ ಸೀಟಿನ ಅಡಿಯಲ್ಲಿ. ಅಲ್ಲಿ ನೋಡಿ ಅವನ ಮುಖ ಗಂಭೀರವಾಯಿತು. “ದಾದ ಅಣ್ಣಾ ಉಂದು?” (ಏನಣ್ಣ ಇದು?) ಅಂತ ತುಳುವಿನಲ್ಲಿ ಕೇಳಿದ. ಕಾರ್ಬೊರೇಟರ್ ಗಾಡಿಗೆ ಹಾಕುವ ಸಾದಾ ರಬ್ಬರ್ ಪೈಪಿನಲ್ಲಿ 3 ಬಾರ್ ಒತ್ತಡದ ಪೆಟ್ರೋಲ್ ಓಡುತ್ತಿತ್ತು. ಕ್ಲಿಪ್ಪಿನ ಹತ್ತಿರ ಪೈಪ್ ಬೆವರಿತ್ತು. ಅದಕ್ಕಿಂತ ದೊಡ್ಡ ವಿಷಯ, ಪಂಪಿನ ವಯರನ್ನು ನೇರ ಇಗ್ನಿಷನ್ ಕೀಗೆ ಕೊಟ್ಟಿದ್ದರು. ಅಂದರೆ ಗಾಡಿ ಮಗುಚಿ ಇಂಜಿನ್ ನಿಂತರೂ, ಕೀ ಆನ್ ಇರುವ ತನಕ ಪಂಪ್ ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ. ನಾನು ಅದರ ಮೇಲೆ ಕೂತು ಮೂರು ತಿಂಗಳು ಬೀಡಿ ಸೇದಿದ್ದೇನೆ. ಈಗ ಪಂಪಿನ ಕರೆಂಟ್ ಇಸಿಯು ಆನ್-ಆಫ್ ಮಾಡುವ ರಿಲೇ ಮೂಲಕ ಹೋಗುತ್ತದೆ. ಕೀ ಹಾಕಿದರೆ ಎರಡು ಸೆಕೆಂಡ್ ಗುಂಯ್ ಅಂದು ನಿಲ್ಲುತ್ತದೆ, ಇಂಜಿನ್ ತಿರುಗಿದರೆ ಮಾತ್ರ ಮತ್ತೆ ಓಡುತ್ತದೆ. ಪೈಪ್ ಎಲ್ಲ ಬದಲಾಯಿಸಿದ. ಹಾಕಿಸುವವರು ನೋಡಿಕೊಳ್ಳಿ, ಪೈಪಿನ ಮೇಲೆ ಜೆ30 ಆರ್9 ಅಂತ ಅಚ್ಚು ಇರಬೇಕು. ಇಂಜೆಕ್ಷನ್ ಒತ್ತಡಕ್ಕೆ ಮಾಡಿದ್ದು ಅದು, ಎಥನಾಲನ್ನೂ ತಡೆಯುತ್ತದೆ.

ಇಷ್ಟಕ್ಕೆ ಒಂದು ದಿನ ಮುಗಿಯಿತು. ಲ್ಯಾಪ್‌ಟಾಪ್ ಇನ್ನೂ ಚೀಲದಲ್ಲೇ.

ಎರಡನೆಯ ದಿನ ಬೆಳಿಗ್ಗೆ ನಾನು ಹೋಗುವಾಗ ಹುಡುಗ ಮನೆಯ ಕಸ ಹೀರುವ ವ್ಯಾಕ್ಯೂಮ್ ಕ್ಲೀನರ್ ಹಿಡಿದುಕೊಂಡು ಜೀಪಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ತಲೆ ಸರಿ ಉಂಟಾ ಅಂದುಕೊಂಡೆ. ಅದನ್ನು ಉಲ್ಟಾ ತಿರುಗಿಸಿ, ಗಾಳಿ ಹೊರಗೆ ಊದುವ ಬಾಯಿಯನ್ನು ಸೈಲೆನ್ಸರ್ ತುದಿಗೆ ಬಟ್ಟೆ ಸುತ್ತಿ ಸಿಕ್ಕಿಸಿದ. ಆನ್ ಮಾಡಿದ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ, ಅಂದರೆ ಸಿಲಿಂಡರುಗಳ ಹೊಗೆ ಒಟ್ಟು ಸೇರುವ ಎರಕದ ಪೈಪಿಗೆ, ಬಳಿಯುತ್ತಾ ಹೋದ. ಮೂರನೆಯ ಮತ್ತು ನಾಲ್ಕನೆಯ ಸಿಲಿಂಡರ್ ನಡುವೆ ಬಂದಾಗ ನೊರೆ ಎದ್ದಿತು. ಸಣ್ಣ ಸಣ್ಣ ಗುಳ್ಳೆ, ಒಂದರ ಹಿಂದೆ ಒಂದು, ಕೂದಲೆಳೆಯಷ್ಟು ತೆಳ್ಳಗಿನ ಬಿರುಕಿನ ಉದ್ದಕ್ಕೂ.

“ನಿಮ್ಮ ಇಸಿಯು ಕಲಿತದ್ದು ಇದನ್ನೇ ಅಣ್ಣ” ಅಂದ.

ವಿಷಯ ಹೀಗೆ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ಹೋಗುತ್ತದೆ. ಎರಡು ಬಡಿತದ ಮಧ್ಯೆ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಸ್ಲೋ ಸ್ಪೀಡಿನಲ್ಲಿ ಇದು ಜಾಸ್ತಿ. ಆಗ ಆ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಮುಂದೆ ಕೂತಿರುವ ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ನೋಡಿ, “ಪೆಟ್ರೋಲ್ ಸಾಲುವುದಿಲ್ಲ, ಗಾಳಿ ಜಾಸ್ತಿ ಉಂಟು” ಅಂತ ವರದಿ ಕೊಡುತ್ತದೆ. ಇಸಿಯು ಪಾಪ ಪೆಟ್ರೋಲ್ ಸೇರಿಸುತ್ತದೆ. ಬಿರುಕು ಅಲ್ಲೇ ಇದೆ, ವರದಿಯೂ ಹಾಗೆಯೇ ಬರುತ್ತದೆ. ಮತ್ತೆ ಸೇರಿಸುತ್ತದೆ. ಹೀಗೆ ಮೂರು ತಿಂಗಳು ತಾನೇ ಕಲಿತು ಕಲಿತು, ಸ್ಲೋ ಸ್ಪೀಡಿನ ಜಾಗದಲ್ಲಿ ಬೇಕಾದ್ದಕ್ಕಿಂತ 24 ಪರ್ಸೆಂಟ್ ಜಾಸ್ತಿ ಬರೆದಿಟ್ಟಿತ್ತು. ಸೆನ್ಸರ್ ತಪ್ಪಿಲ್ಲ, ಇಸಿಯು ತಪ್ಪಿಲ್ಲ. ಸುಳ್ಳು ಹೇಳಿದ್ದು ನಮ್ಮದೇ ಹಳೆ ಕಬ್ಬಿಣ. ಒಬ್ಬ ಮನುಷ್ಯ ಪ್ಲಗ್ ಬಿಚ್ಚಿ ನೋಡಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದ. ಡಬ್ಬಕ್ಕೆ ಪ್ಲಗ್ ನೋಡಲು ಕಣ್ಣಿಲ್ಲ.

ಮ್ಯಾನಿಫೋಲ್ಡ್ ಬಿಚ್ಚಿ ಎರಕದ ವೆಲ್ಡಿಂಗ್ ಮಾಡುವವರ ಹತ್ತಿರ ಹೋಯಿತು. ನಾಲ್ಕು ದಿನ. ಆ ಸಮಯದಲ್ಲಿ ಹಳೆ ಡೈನಮೋ ತೆಗೆಸಿ ಮಾರುತಿ ವ್ಯಾನಿನ ಆಲ್ಟರ್ನೇಟರ್ ಹಾಕಿಸಿದೆ. ಡೈನಮೋ ಸ್ಲೋ ಸ್ಪೀಡಿನಲ್ಲಿ ಚಾರ್ಜ್ ಮಾಡುವುದೇ ಇಲ್ಲ ಅನ್ನಬಹುದು. ಪಂಪ್, ಇಂಜೆಕ್ಟರ್, ಸೆನ್ಸರಿನ ಹೀಟರ್ ಎಲ್ಲ ಸೇರಿ ಎಳೆಯುವ ಕರೆಂಟಿಗೆ ಅದು ಸಾಲುವುದಿಲ್ಲ. ಇದನ್ನು ಕಿಟ್ ಮಾರುವವರು ಯಾಕೆ ಹೇಳುವುದಿಲ್ಲವೋ.

ಕೊನೆಗೂ ಲ್ಯಾಪ್‌ಟಾಪ್ ಹೊರಗೆ ಬಂತು. ಟ್ಯೂನರ್‌ಸ್ಟುಡಿಯೊ ಅನ್ನುವ ಸಾಫ್ಟ್‌ವೇರ್. ಪರದೆಯ ಮೇಲೆ ಮಗ್ಗಿ ಪುಸ್ತಕದ ಹಾಗೆ ಒಂದು ಕೋಷ್ಟಕ: ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಇಂಜಿನಿನ ಒಳಗಿನ ಗಾಳಿ ಒತ್ತಡ. 16 ಸಾಲು, 16 ಕಂಬ, 256 ಮನೆ. ಒಂದೊಂದು ಮನೆಯಲ್ಲಿ ಒಂದು ಸಂಖ್ಯೆ. ಈ ವೇಗದಲ್ಲಿ, ಇಷ್ಟು ಭಾರದಲ್ಲಿ ಇಂಜಿನ್ ಎಷ್ಟು ಗಾಳಿ ನುಂಗುತ್ತದೆ ಅನ್ನುವ ಲೆಕ್ಕ. ಪೆಟ್ರೋಲ್ ಅಳೆಯುವುದು ಅದರ ಮೇಲೆ.

ಅವನು ಮೊದಲು ಮಾಡಿದ ಕೆಲಸ ನನಗೆ ತುಂಬಾ ಹಿಡಿಸಿತು. ಕಿಟ್‌ನಲ್ಲಿ ಬಂದ ಕೋಷ್ಟಕದ ಅಡ್ಡಸಾಲು 7,500 ಆರ್‌ಪಿಎಂ ತನಕ ಇತ್ತು. ನಮ್ಮ ಹರಿಕೇನ್ 4,000 ದಾಟುವುದು ಜನ್ಮಕ್ಕೊಮ್ಮೆ. ಅಂದರೆ 16 ಕಂಬದಲ್ಲಿ ಅರ್ಧಕ್ಕಿಂತ ಜಾಸ್ತಿ ಸುಮ್ನೆ ಖಾಲಿ ಬಿದ್ದಿತ್ತು. ಜೀಪು ದಿನವಿಡೀ ಓಡುವ 800ರಿಂದ 2,500ರ ಮಧ್ಯೆ ಸಿಕ್ಕಿದ್ದು ನಾಲ್ಕೇ ಕಂಬ. ಅವನು ಇಡೀ ಅಳತೆ ಬದಲಿಸಿದ. 500ರಿಂದ 4,200ಕ್ಕೆ ಎಳೆದು ಕೂರಿಸಿದ, ಕೆಳಗಿನ ವೇಗಕ್ಕೆ ಒತ್ತೊತ್ತಾಗಿ ಕಂಬ ಕೊಟ್ಟ. ಹತ್ತು ವರ್ಷದ ಮಗುವಿಗೆ ಅಪ್ಪನ ಅಂಗಿ ಹಾಕಿದ್ದನ್ನು ಬಿಚ್ಚಿ ಅಳತೆಯ ಅಂಗಿ ಹೊಲಿದ ಹಾಗೆ.

ಆಕ್ಸಿಜನ್ ಸೆನ್ಸರಿನ ಲೆಕ್ಕ ತೋರಿಸುವ ಗೇಜಿನ ಬಗ್ಗೆ ಒಂದು ಮಾತು. ಅದರಲ್ಲಿ 14.7 ಅಂತ ಬಂದರೆ ಸರಿ ಅಂತ ನಾನು ತಿಳಿದಿದ್ದೆ. ಇ20 ಹಾಕಿದರೂ 14.7 ಹೇಗೆ ಬರುತ್ತದೆ, 13.5 ಅಲ್ವಾ? ಕೇಳಿದೆ. ಸೆನ್ಸರ್ ಅಳೆಯುವುದು ಪೆಟ್ರೋಲನ್ನಲ್ಲ, ಪೂರ್ತಿ ಸುಡಲು ಬೇಕಾದ್ದಕ್ಕಿಂತ ಗಾಳಿ ಜಾಸ್ತಿಯೋ ಕಮ್ಮಿಯೋ ಅನ್ನುವುದನ್ನು ಅಂತ ವಿವರಿಸಿದ. ಅದರ ಹೆಸರು ಲ್ಯಾಂಬ್ಡಾ. ಸಮ ಇದ್ದರೆ 1, ಪೆಟ್ರೋಲ್ ಜಾಸ್ತಿ ಇದ್ದರೆ 1ಕ್ಕಿಂತ ಕಮ್ಮಿ. ಗೇಜು ಅದನ್ನು ಸುಮ್ಮನೆ 14.7ರಿಂದ ಗುಣಿಸಿ ತೋರಿಸುತ್ತದೆ. “14.7 ಮರೆತುಬಿಡಿ, 1 ನೆನಪಿಟ್ಟುಕೊಳ್ಳಿ.” ಸಮತಟ್ಟು ರಸ್ತೆಯಲ್ಲಿ 1, ಪೂರ್ತಿ ಎಕ್ಸಲೇಟರ್ ಒತ್ತಿ ಏರು ಹತ್ತುವಾಗ 0.87, ಸ್ಲೋ ಸ್ಪೀಡಿನಲ್ಲಿ 0.95. ನಮ್ಮ ಜೀಪಿಗೆ ಅವನು ಇಟ್ಟದ್ದು ಇಷ್ಟು.

ರಸ್ತೆ ಟ್ಯೂನಿಂಗಿಗೆ ಅವನೇ ಮಲ್ಪೆಗೆ ಬಂದ. ಬೆಳಿಗ್ಗೆ ಐದೂವರೆಗೆ ಪಡುಕೆರೆ ರಸ್ತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ಆ ಹೊತ್ತಿಗೆ ಬಲೆ ಹೊತ್ತವರು ನಾಲ್ಕು ಜನ ಬಿಟ್ಟರೆ ಯಾರೂ ಇಲ್ಲ. ನಾನು ಓಡಿಸುವುದು, ಅವನು ಪಕ್ಕದಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೈರಾಸಿನಿಂದ ಸೊಂಟಕ್ಕೆ ಕಟ್ಟಿಕೊಂಡಿದ್ದ. ಜೀಪಿಗೆ ಬಾಗಿಲಿಲ್ಲ.

“ಮೂರನೇ ಗೇರ್, 1,200ರಲ್ಲಿ ಹಿಡಿಯಿರಿ. ಈಗ ಒಮ್ಮೆಲೇ ಒತ್ತಿ.” ಒತ್ತಿದರೆ ಜೀಪು ಒಂದು ಕ್ಷಣ ಉಸಿರು ಹಿಡಿದು ಆಮೇಲೆ ಹಾರುತ್ತಿತ್ತು. ಎಷ್ಟು ಸಲ ಮಾಡಿಸಿದ ಅಂತ ಲೆಕ್ಕ ಇಲ್ಲ, ಮೂವತ್ತಕ್ಕೆ ಕಮ್ಮಿ ಇಲ್ಲ. ಇಲ್ಲಿಯೇ ಆ ಹೆಡ್ ಒಳಗಿನ ಮ್ಯಾನಿಫೋಲ್ಡ್ ಕತೆ ಬರುವುದು. ಇಂಜೆಕ್ಟರ್ ಮೇಲೆ, ವಾಲ್ವ್ ಎಲ್ಲೋ ದೂರ. ಮಧ್ಯದ ದಾರಿಯ ಗೋಡೆಗೆ ಪೆಟ್ರೋಲ್ ಅಂಟುತ್ತದೆ. ಒಣ ಅಂಗಳಕ್ಕೆ ನೀರು ಚೆಲ್ಲಿದರೆ ಮೊದಲ ಚೊಂಬು ನೆಲವೇ ಕುಡಿಯುತ್ತದಲ್ಲ, ಹಾಗೆ. ಒಮ್ಮೆಲೇ ಎಕ್ಸಲೇಟರ್ ಒತ್ತಿದಾಗ ಗಾಳಿ ಕೂಡಲೇ ತಲುಪುತ್ತದೆ, ಪೆಟ್ರೋಲ್ ಗೋಡೆಯಲ್ಲಿ ಉಳಿಯುತ್ತದೆ. ಕಾರ್ಬೊರೇಟರಿನಲ್ಲಿ ಇದಕ್ಕೇ ಅಂತ ಒಂದು ಪುಟ್ಟ ಪಿಚಕಾರಿ ಇರುತ್ತದೆ. ಇಲ್ಲಿ ಅದನ್ನು ಅಂಕಿಯಲ್ಲಿ ಕೊಡಬೇಕು: ಎಷ್ಟು ಬೇಗ ಒತ್ತಿದರೆ ಎಷ್ಟು ಹೆಚ್ಚು, ಎಷ್ಟು ಹೊತ್ತು, ಇಂಜಿನ್ ತಣ್ಣಗಿದ್ದರೆ ಎಷ್ಟು. ಕಿಟ್‌ನ ‘ತಾನೇ ಕಲಿಯುವ’ ಬುದ್ಧಿ ಈ ಕೋಷ್ಟಕವನ್ನು ಮುಟ್ಟುವುದೇ ಇಲ್ಲ. ಅದು ಸಮನಾಗಿ ಓಡುವಾಗ ಮಾತ್ರ ಕಲಿಯುತ್ತದೆ. ನಮ್ಮ ರಸ್ತೆಯಲ್ಲಿ ಸಮನಾಗಿ ಓಡುವುದು ಎಲ್ಲಿ?

ಏಳು ಗಂಟೆಗೆ ಸೂರ್ಯ ಮೇಲೆ ಬಂದಾಗ ಆ ಉಸಿರು ಹಿಡಿಯುವುದು ಹೋಗಿತ್ತು. ಒತ್ತಿದರೆ ಸೀದಾ ಎಳೆಯುತ್ತದೆ. ಮನೆಗೆ ಬಂದು ನೀರ್‌ದೋಸೆ ತಿಂದ, ಹನ್ನೊಂದು. ಅದನ್ನು ಬಿಲ್ಲಿನಲ್ಲಿ ಕಳೆಯಬೇಕಿತ್ತು.

ನಾವಿಬ್ಬರೂ ಘಾಟಿಗೆ ಹೋದದ್ದು ಮುಂದಿನ ಭಾನುವಾರ. ಹೆಬ್ರಿ, ಸೋಮೇಶ್ವರ, ಆಗುಂಬೆ. 14 ತಿರುವು, ಸಮುದ್ರಮಟ್ಟದಿಂದ ಸುಮಾರು 640 ಮೀಟರ್. ಪರದೆಯ ಮೇಲೆ ಹೊರಗಿನ ಗಾಳಿ ಒತ್ತಡ 101 ಕಿಲೋಪಾಸ್ಕಲ್ ಇದ್ದದ್ದು ಮೇಲೆ ಮುಟ್ಟುವಾಗ 94ಕ್ಕೆ ಇಳಿದಿತ್ತು. ಕಾರ್ಬೊರೇಟರ್ ಇದ್ದಾಗ ಮೇಲೆ ಹೋದ ಹಾಗೆ ಕಪ್ಪು ಹೊಗೆ ಬಿಡುತ್ತಿದ್ದ ಗಾಡಿ, ಈಗ ಏನೂ ಆಗದ ಹಾಗೆ ಹೋಯಿತು. ಆದರೆ ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಜೀಪು ಓರೆಯಾದಾಗ ಇಂಜಿನ್ ಟಪ್ ಅಂತ ನಿಂತಿತು. ಹಿಂದೆ ಬಸ್ಸು. ಬಸ್ಸಿನವನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕಾರಣ ಟ್ಯಾಂಕ್. ಸೀಟಿನ ಅಡಿಯ ಟ್ಯಾಂಕ್ ಚಪ್ಪಟೆ. ಪೆಟ್ರೋಲ್ ಕಮ್ಮಿ ಇದ್ದಾಗ ಓರೆಯಾದರೆ ಎಲ್ಲ ಒಂದು ಮೂಲೆಗೆ ಹೋಗುತ್ತದೆ, ಪಂಪ್ ಗಾಳಿ ಹೀರುತ್ತದೆ. ಕಾರ್ಬೊರೇಟರಿಗೆ ತನ್ನದೇ ಬಟ್ಟಲು ಉಂಟು, ಸ್ವಲ್ಪ ಹೊತ್ತು ಅದರಲ್ಲಿ ಓಡುತ್ತದೆ. ಇಂಜೆಕ್ಷನ್‌ಗೆ ಸಾಲ ಕೊಡುವವರಿಲ್ಲ, ಒಂದು ಸೆಕೆಂಡ್ ಗಾಳಿ ಬಂದರೂ ಒತ್ತಡ ಕುಸಿದು ಬಂದ್. ಇದಕ್ಕೆ ಮದ್ದು ಮಧ್ಯೆ ಒಂದು ಸಣ್ಣ ಟ್ಯಾಂಕ್. ಒಂದು ಸಾದಾ ಪಂಪ್ ದೊಡ್ಡ ಟ್ಯಾಂಕಿನಿಂದ ಇದನ್ನು ಸದಾ ತುಂಬಿಸಿಡುತ್ತದೆ, ಒತ್ತಡದ ಪಂಪ್ ಇದರಿಂದ ಎಳೆಯುತ್ತದೆ, ಉಳಿದದ್ದು ವಾಪಸ್ ಇದಕ್ಕೇ. ಲೇತ್ ಅಂಗಡಿಯಲ್ಲಿ ಒಂದೂವರೆ ಲೀಟರಿನದ್ದು ಮಾಡಿಸಿ ಚಾಸಿಯ ಒಳಬದಿಗೆ ಕಟ್ಟಿದ. ಜೀಪು ನೋಡಿದ ದಿನವೇ ಇದನ್ನು ಹೇಳಬೇಕಿತ್ತು ಅನ್ನುವುದು ನನ್ನ ತಕರಾರು. “ರ್ಯಾಲಿ ಗಾಡಿಯಲ್ಲಿ ಇದ್ದೇ ಇರುತ್ತದೆ ಅಣ್ಣ, ನಿಮ್ಮದರಲ್ಲಿ ಇಲ್ಲ ಅಂತ ಹೊಳೆಯಲಿಲ್ಲ” ಅಂದ. ತಪ್ಪು ಒಪ್ಪಿಕೊಂಡ, ಮಜೂರಿ ತೆಗೆದುಕೊಳ್ಳಲಿಲ್ಲ. ಸಾಮಾನಿನದ್ದು ಮಾತ್ರ ಕೊಟ್ಟೆ.

ಇನ್ನೊಂದು ಕಾಟ ಅದೇ ದಿನ ಹೆಬ್ರಿಯಲ್ಲಿ ಗೊತ್ತಾಯಿತು. ಇಳಿದು ಬಂದು ಚಾ, ಗೋಳಿಬಜೆಗೆ ನಿಂತೆವು. ಇಪ್ಪತ್ತು ನಿಮಿಷ. ಮತ್ತೆ ಸ್ಟಾರ್ಟ್ ಮಾಡಿದರೆ ಮುಗ್ಗರಿಸುತ್ತದೆ, ಒಂದು ಫರ್ಲಾಂಗ್ ಹೋದ ಮೇಲೆ ಸರಿ. ಹಳೆ ಐಸ್ ರೋಗವೇ ಮರಳಿ ಬಂತಾ ಅಂತ ಎದೆ ಧಸಕ್ಕೆಂದಿತು. ಅವನು ಇಸಿಯು ಬರೆದಿಟ್ಟ ಲಾಗ್ ನೋಡಿದ. ಒಳಗೆ ಹೋಗುವ ಗಾಳಿಯ ಬಿಸಿ 68 ಡಿಗ್ರಿ ಅಂತ ಇತ್ತು. ಹೊರಗೆ 33. ಆ ಸೆನ್ಸರ್ ಥ್ರಾಟಲ್ ಬಾಡಿಯ ಲೋಹದಲ್ಲೇ ಕೂತಿದೆ. ಗಾಡಿ ನಿಂತಾಗ ಇಂಜಿನಿನ ಬಿಸಿ ಹತ್ತಿ ಬೇಯುತ್ತದೆ. ಬಿಸಿ ಗಾಳಿ ತೆಳು, ಹಾಗಾಗಿ ಪೆಟ್ರೋಲ್ ಕಮ್ಮಿ ಸಾಕು ಅಂತ ಇಸಿಯು ಕಡಿತ ಮಾಡುತ್ತದೆ. ನಿಜವಾಗಿ ಬರುವ ಗಾಳಿ ಅಷ್ಟು ಬಿಸಿ ಇಲ್ಲ. ಸೆನ್ಸರನ್ನು ಏರ್ ಕ್ಲೀನರಿನ ಬಾಯಿಗೆ ಸ್ಥಳಾಂತರಿಸಿದ, ಆ ಕಡಿತವನ್ನೂ ಸ್ವಲ್ಪ ಸಡಿಲ ಮಾಡಿದ. ಅಲ್ಲಿಗೆ ಮುಗಿಯಿತು. ತಣ್ಣಗಿನ ದೇಶದವರು ಬರೆದ ಅಂಕಿಗಳು ನಮ್ಮ ಕರಾವಳಿಗೆ ಆಗುವುದಿಲ್ಲ.

ದುಡ್ಡಿನ ವಿಷಯ. ಟ್ಯೂನಿಂಗ್, ವೈರಿಂಗ್ ಮಜೂರಿ ಸೇರಿ 22 ಸಾವಿರ. ಪೈಪ್, ಅರ್ತ್ ಪಟ್ಟಿ, ಆಲ್ಟರ್ನೇಟರ್, ವೆಲ್ಡಿಂಗ್, ಸಣ್ಣ ಟ್ಯಾಂಕ್, ಎರಡನೆಯ ಪಂಪ್ ಎಲ್ಲ ಸೇರಿ ಇನ್ನೊಂದು 19 ಸಾವಿರ. ಕಿಟ್ಟಿನ ಬೆಲೆಗೆ ಅರ್ಧಕ್ಕಿಂತ ಜಾಸ್ತಿ ಮೇಲೆ ಬಿತ್ತು. ಕಿಟ್ ತರಿಸುವಾಗ ಈ ಲೆಕ್ಕ ಯಾರೂ ಹಾಕಿಕೊಳ್ಳುವುದಿಲ್ಲ, ನಾನೂ ಹಾಕಿರಲಿಲ್ಲ. ಮೈಲೇಜ್ 7 ಇದ್ದದ್ದು 9 ಚಿಲ್ಲರೆ ಬರುತ್ತದೆ. ಅದರಿಂದ ದುಡ್ಡು ವಾಪಸ್ ಬರಬೇಕಾದರೆ ನನ್ನ ಮೊಮ್ಮಗ ಲೈಸೆನ್ಸ್ ಮಾಡಿಸಬೇಕು. ಎಮಿಷನ್ ಟೆಸ್ಟ್‌ನಲ್ಲಿ ಸಿಒ 0.7. ಟೆಸ್ಟ್ ಮಾಡುವ ಅದೇ ಹುಡುಗ ಮೀಟರ್ ಹಾಳಾಗಿದೆಯಾ ಅಂತ ಎರಡನೆಯ ಸಲ ಕಡ್ಡಿ ಹಾಕಿ ನೋಡಿದ.

ಬೇಸರ ಆದದ್ದೂ ಉಂಟು. ಟ್ಯೂನಿಂಗ್ ಹುಡುಗ ಫೋನ್ ಎತ್ತುವುದಿಲ್ಲ. ಬುಧವಾರ ಅಂದರೆ ಶುಕ್ರವಾರ. ಮೊದಲು ಟ್ಯೂನ್ ಫೈಲ್ ಕೊಡಲು ಒಪ್ಪಲಿಲ್ಲ, ಲಾಕ್ ಹಾಕಿಟ್ಟಿದ್ದ. ನನ್ನ ಗಾಡಿಯ ಜಾತಕ ನನ್ನ ಹತ್ತಿರ ಇರಬೇಕು, ನಾಳೆ ನೀನು ದುಬೈಗೆ ಹೋದರೆ ನಾನು ಯಾರನ್ನು ಹುಡುಕಲಿ ಅಂದೆ. ಅರ್ಧ ಗಂಟೆ ಚರ್ಚೆಯಾಗಿ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟ. ಯಾರ ಹತ್ತಿರ ಮಾಡಿಸಿದರೂ ಇದನ್ನು ಮೊದಲೇ ಮಾತಾಡಿಕೊಳ್ಳಿ.

ಮಳೆಗಾಲದ ತಯಾರಿ ಅವನು ಅಷ್ಟಾಗಿ ಯೋಚಿಸುವುದಿಲ್ಲ. ರ್ಯಾಲಿ ಗಾಡಿಗೆ ಮುಚ್ಚಿದ ಬಾಡಿ ಇರುತ್ತದೆ, ನಮ್ಮದು ಟಾರ್ಪಾಲು. ಜೂನ್ ಎರಡನೆಯ ವಾರದ ಮಳೆಗೆ ಡ್ಯಾಶ್‌ಬೋರ್ಡ್ ಅಡಿಯ ಇಸಿಯುವಿಗೆ ವಯರಿನ ಮೇಲೇ ನೀರು ಹರಿದು ಬಂತು. ಒಂದು ದಿನ ಗಾಡಿ ಶೆಡ್‌ನಿಂದ ಹೊರಗೆ ಬರಲಿಲ್ಲ. ಆಮೇಲೆ ನಾನೇ ಇಸಿಯುವನ್ನು ತಿರುಗಿಸಿ, ಕನೆಕ್ಟರ್ ಬಾಯಿ ಕೆಳಗೆ ಬರುವ ಹಾಗೆ ಕಟ್ಟಿದೆ. ವಯರನ್ನು ಕೆಳಗೆ ಜೋತುಬಿಟ್ಟು ಮತ್ತೆ ಮೇಲಕ್ಕೆ ಎತ್ತಿದೆ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹತ್ತುವುದಿಲ್ಲ. ಮನೆಗೆ ಕರೆಂಟ್ ಸರ್ವಿಸ್ ವಯರ್ ಎಳೆಯುವಾಗ ಲೈನ್‌ಮ್ಯಾನ್‌ಗಳು ಮಾಡುವುದು ಇದನ್ನೇ. ಫೋಟೋ ಕಳಿಸಿದೆ. “ಸೂಪರ್ ಅಣ್ಣ” ಅಂತ ಉತ್ತರ ಬಂತು, ಮೂರು ದಿನ ಬಿಟ್ಟು.

ಒಂದು ಕೆಲಸ ಬಾಕಿ ಉಂಟು. ಪ್ಲಗ್‌ಗಳಿಗೆ ಸ್ಪಾರ್ಕ್ ಕೊಡುವ ಕೆಲಸ ಈಗಲೂ ಹಳೆ ಡಿಸ್ಟ್ರಿಬ್ಯೂಟರ್, ಪಾಯಿಂಟಿನಲ್ಲೇ ನಡೆಯುತ್ತಿದೆ. ಅದನ್ನೂ ಇಸಿಯುವಿಗೆ ಕೊಡೋಣ, ಏರಿನಲ್ಲಿ ಇನ್ನೂ ಚೆನ್ನಾಗಿ ಎಳೆಯುತ್ತದೆ ಅನ್ನುತ್ತಾನೆ. ಅದಕ್ಕೆ ಕ್ರ್ಯಾಂಕ್ ಪುಲ್ಲಿಗೆ ಹಲ್ಲಿನ ಚಕ್ರ ಕೂರಿಸಬೇಕು. ಬೇಡ ಅಂದಿದ್ದೇನೆ. ಪಾಯಿಂಟ್ ಉಜ್ಜುವುದಕ್ಕೆ ನನಗೆ ಬರುತ್ತದೆ, ಲ್ಯಾಪ್‌ಟಾಪ್ ನನಗೆ ಬರುವುದಿಲ್ಲ. ಅಕ್ಟೋಬರಿನಲ್ಲಿ ಮತ್ತೊಮ್ಮೆ ಕೇಳುತ್ತಾನಂತೆ.

ಹೋಗುವವರು ಮೂರು ತಿಂಗಳಿಂದ ಓಡಿದ ಪ್ಲಗ್‌ಗಳನ್ನು ಒರೆಸದೆ ಹಾಗೇ ತೆಗೆದುಕೊಂಡು ಹೋಗಿ, ಅವನು ಮೊದಲು ಕೇಳುವುದು ಅದನ್ನೇ. ಮಧ್ಯಾಹ್ನ ಒಂದರಿಂದ ಮೂರು ಊಟ, ನಿದ್ದೆ. ಆ ಹೊತ್ತಿನಲ್ಲಿ ಬಾಗಿಲು ಬಡಿದರೆ ಲೇತ್ ಅಂಗಡಿಯವರೇ ಬೈಯುತ್ತಾರೆ.